ಹಳೆಯ ಘಟಕಕ್ಕೆ ಹೊಸ ನೀರು: ಬೆಂಗಳೂರಿನ ಹೊರವಲಯದಲ್ಲಿ ಕುಡಿಯುವ ನೀರಿನ ಶುದ್ಧೀಕರಣ

ಸರ್ಕಾರಿ ಕಡತಗಳಲ್ಲಿ ‘ಮೇಲ್ದರ್ಜೆಗೇರಿಸುವುದು’ ಎಂಬ ಪದಕ್ಕೆ ಸಾಮಾನ್ಯವಾಗಿ ಇರುವ ಅರ್ಥ ಹಳೆಯ ಪಂಪನ್ನು ತೆಗೆದು ಹೊಸದನ್ನು ಕೂರಿಸುವುದು, ಶೋಧಕದ ಮರಳನ್ನು ಬದಲಿಸುವುದು, ಗೋಡೆಗೆ ಸುಣ್ಣ ಹೊಡೆಸುವುದು, ಮತ್ತು ಘಟಕ ಈವರೆಗೆ ಕೊಡುತ್ತಿದ್ದ ನೀರಿನ ಎರಡರಷ್ಟನ್ನು ಅದರಿಂದ ಪಡೆಯುವುದು. ಈ ಅರ್ಥ ತಪ್ಪಲ್ಲದಿದ್ದರೂ ಅಪೂರ್ಣ. ಕುಡಿಯುವ ನೀರಿನ ಶುದ್ಧೀಕರಣ ಘಟಕ ಯಾವ ನೀರನ್ನು ಒಳಗೆ ಬಿಟ್ಟರೂ ತಿಳಿಯಾಗಿಸಿ ಹೊರಗೆ ಕೊಡುವ ಯಂತ್ರವಲ್ಲ. ಅದು ಒಂದು ನಿರ್ದಿಷ್ಟ ಕಚ್ಚಾ ನೀರಿಗೆ, ಅಂದರೆ ನದಿ, ಕೆರೆ ಅಥವಾ ಕೊಳವೆಬಾವಿಯಿಂದ ಇನ್ನೂ ಯಾವ ಉಪಚಾರಕ್ಕೂ ಒಳಗಾಗದೆ ಬರುವ ನೀರಿಗೆ, ಅಳತೆ ಕೊಟ್ಟು ಹೊಲಿಸಿದ ಅಂಗಿ. ಮೈ ಬದಲಾದಾಗ ಅಂಗಿ ಹರಿಯದಿದ್ದರೂ ಹೊಂದುವುದಿಲ್ಲ. ಬೆಂಗಳೂರಿನ ಹೊರವಲಯದಲ್ಲಿ, ಪಶ್ಚಿಮದ ಪೀಣ್ಯದಿಂದ ಪೂರ್ವದ ವೈಟ್‌ಫೀಲ್ಡ್‌ವರೆಗೆ ಮತ್ತು ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಕಳೆದ ನಾಲ್ಕೈದು ದಶಕಗಳಲ್ಲಿ ನಡೆದಿರುವುದು ಇದೇ: ಘಟಕಗಳು ತುಕ್ಕು ಹಿಡಿಯುವುದಕ್ಕೆ ಮೊದಲೇ ಅವುಗಳಿಗೆ ಬರುತ್ತಿದ್ದ ನೀರು ಬೇರೆಯಾಯಿತು.

ಈ ಬದಲಾವಣೆಯ ಮೊದಲ ಅಧ್ಯಾಯ ಹೆಸರಘಟ್ಟದಲ್ಲಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ ಕೈಗೆತ್ತಿಕೊಂಡು ಎರಡು ವರ್ಷಗಳಲ್ಲಿ ನೀರು ಹರಿಸಿದ ಚಾಮರಾಜೇಂದ್ರ ಜಲಯೋಜನೆ, ಅರ್ಕಾವತಿ ನದಿಗೆ ಅಡ್ಡಲಾಗಿದ್ದ ಕೆರೆಯ ನೀರನ್ನು ಇಟ್ಟಿಗೆಯ ಕಾಲುವೆಯಲ್ಲಿ ಇಳಿಜಾರಿನಲ್ಲೇ ಹರಿಸಿ, ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳಿಂದ ಮೇಲೆತ್ತಿ, ನಗರಕ್ಕೆ ಕೊಟ್ಟಿತು. ಕೆರೆ, ಕಟ್ಟೆ, ಬಾವಿಗಳನ್ನೇ ನಂಬಿದ್ದ ಊರಿಗೆ ದೂರದ ನೀರನ್ನು ಕೊಳವೆಯಲ್ಲಿ ತಂದ ಮೊದಲ ಪ್ರಯತ್ನ ಇದಾದುದರಿಂದ ಇದರ ಮಹತ್ವವನ್ನು ಇತಿಹಾಸಕಾರರು ಬಹಳ ಹೇಳಿದ್ದಾರೆ. ನೀರಿನ ಗುಣದ ದೃಷ್ಟಿಯಿಂದ ಅದರ ಕಾಲ ಇನ್ನೂ ಕುತೂಹಲಕರ. ಯೋಜನೆ ಆರಂಭವಾಗುವುದಕ್ಕೆ ಎರಡೇ ವರ್ಷ ಮೊದಲು, 1892ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರ ಎಲ್ಬೆ ನದಿಯ ನೀರನ್ನು ಶೋಧಿಸದೆ ಕುಡಿದು ಕಾಲರಾಕ್ಕೆ ಸಾವಿರಾರು ಜನರನ್ನು ಕಳೆದುಕೊಂಡಿತ್ತು, ಅದೇ ನದಿಯ ಕೆಳಭಾಗದಲ್ಲಿದ್ದು ಮರಳಿನ ಹಾಸುಗಳಲ್ಲಿ ನೀರನ್ನು ಸೋಸಿ ಕುಡಿಯುತ್ತಿದ್ದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಪಾರಾಗಿತ್ತು. ಮರಳು ಜೀವ ಉಳಿಸುತ್ತದೆ ಎಂಬುದು ಲೋಕಕ್ಕೆ ಅನುಮಾನವಿಲ್ಲದೆ ತಿಳಿದದ್ದು ಆಗ. ಹೆಸರಘಟ್ಟದ ನೀರಿಗಾಗಿ ಮುಂದೆ ಮಲ್ಲೇಶ್ವರದಲ್ಲಿ ನೆಲೆಗೊಂಡ ಜ್ಯುವೆಲ್ ಶೋಧಕಗಳು ಆ ತಿಳಿವಳಿಕೆಯ ಅಮೆರಿಕನ್ ರೂಪ. ಆ ಆವರಣಕ್ಕೆ ಇಂದಿಗೂ ಅದೇ ಹೆಸರು ಅಂಟಿಕೊಂಡಿದೆ.

ಇಲ್ಲಿ ಎರಡು ಬಗೆಯ ಮರಳು ಶೋಧಕಗಳ ವ್ಯತ್ಯಾಸವನ್ನು ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ಚರ್ಚೆಯೂ ಅದರ ಮೇಲೆ ನಿಂತಿದೆ. ನಿಧಾನ ಶೋಧಕದಲ್ಲಿ ನೀರು ಗಂಟೆಗೆ 10ರಿಂದ 20 ಸೆಂಟಿಮೀಟರ್‌ನಷ್ಟು ಮಾತ್ರ ಕೆಳಗಿಳಿಯುತ್ತದೆ. ಮರಳಿನ ಮೇಲ್ಪದರದಲ್ಲಿ ಬೆಳೆಯುವ ಜೀವಾಣುಗಳ ತೆಳು ಪೊರೆಯೇ ರೋಗಾಣುಗಳನ್ನು ಹಿಡಿದು ತಿನ್ನುತ್ತದೆ. ಬೇರೆ ರಾಸಾಯನಿಕ ಬೇಕಿಲ್ಲ, ಆದರೆ ಜಾಗ ಬೇಕು ಮತ್ತು ನೀರು ಹೆಚ್ಚು ಬಗ್ಗಡವಾಗಿರಕೂಡದು. ತ್ವರಿತ ಶೋಧಕದಲ್ಲಿ ನೀರು ಗಂಟೆಗೆ ಐದಾರು ಮೀಟರ್ ವೇಗದಲ್ಲಿ ಇಳಿಯುತ್ತದೆ, ಅಂದರೆ ಅಷ್ಟೇ ಜಾಗದಲ್ಲಿ ಮೂವತ್ತು ನಲವತ್ತು ಪಟ್ಟು ನೀರು. ಆದರೆ ಮರಳು ಇಲ್ಲಿ ಕೊನೆಯ ಜರಡಿಯಷ್ಟೇ ಆದುದರಿಂದ ಅದಕ್ಕೂ ಮೊದಲು ನೀರಿಗೆ ಪಟಿಕ ಸೇರಿಸಿ, ಕಣ್ಣಿಗೆ ಕಾಣದ ಜೇಡಿ ಕಣಗಳನ್ನು ಒಂದಕ್ಕೊಂದು ಅಂಟಿಸಿ ಹತ್ತಿಯೆಳೆಯಂಥ ಗಂಟುಗಳಾಗಿಸಿ, ಅವು ತಳಕ್ಕೆ ಕೂರುವಷ್ಟು ಹೊತ್ತು ದೊಡ್ಡ ತೊಟ್ಟಿಯಲ್ಲಿ ನಿಲ್ಲಿಸಬೇಕಾಗುತ್ತದೆ. ಬಗ್ಗಡ ನೀರಿನ ಮಡಕೆಯ ಒಳಮೈಗೆ ಚಿಲ್ಲದ ಬೀಜವನ್ನು ತೇದು ತಿಳಿಗೊಳಿಸುತ್ತಿದ್ದ ಹಳ್ಳಿಯ ಪದ್ಧತಿಯೂ ತತ್ತ್ವದಲ್ಲಿ ಇದೇ. ದಿನಕ್ಕೆ ತಲಾ 55 ಲೀಟರಿನಂತೆ ಐದು ಸಾವಿರ ಜನರ ಹಳ್ಳಿಗೆ ಬೇಕಾಗುವ 2.75 ಲಕ್ಷ ಲೀಟರ್ ನೀರನ್ನು ನಿಧಾನ ಶೋಧಕದಲ್ಲಿ ಸೋಸಲು ಸುಮಾರು 115 ಚದರ ಮೀಟರ್ ಮರಳ ಹಾಸು ಸಾಕು, ಅಂದರೆ ಬೆಂಗಳೂರಿನವರ ಲೆಕ್ಕದಲ್ಲಿ ಒಂದು ಮೂವತ್ತು–ನಲವತ್ತರ ಸೈಟು. ವೈಟ್‌ಫೀಲ್ಡಿನ ಸುತ್ತಮುತ್ತ ಇಂದು ನೀರಿಗಾಗಿ ಅಂಥ ಒಂದು ಸೈಟನ್ನು ಬಿಟ್ಟುಕೊಡುವ ಮನಸ್ಸು ಯಾರಿಗಿದೆ ಎಂಬುದು ತಂತ್ರಜ್ಞಾನದ ಪ್ರಶ್ನೆಯಲ್ಲ.

ಹೆಸರಘಟ್ಟ ಸಾಲದಾದಾಗ, ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ, ಅರ್ಕಾವತಿಗೆ ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಜಲಾಶಯ 1933ರಲ್ಲಿ ಸಿದ್ಧವಾಯಿತು. ಮಾಗಡಿ ರಸ್ತೆಯ ಬದಿಯ ಈ ಹಳ್ಳಿಯಲ್ಲಿ ಜಲಾಶಯದ ಜೊತೆಗೇ ಬೆಳೆದ ಶುದ್ಧೀಕರಣ ಘಟಕ ನಗರದ ಪಶ್ಚಿಮ ಭಾಗಕ್ಕೆ ದಶಕಗಳ ಕಾಲ ನೀರು ಕೊಟ್ಟಿತು. ಅದು ಕಟ್ಟಲ್ಪಟ್ಟದ್ದು ರಾಗಿ ಹೊಲ, ಹುಲ್ಲುಗಾವಲು, ಕೆರೆಗಳ ಸರಪಳಿಗಳ ಮೇಲೆ ಬಿದ್ದು ಹರಿದು ಬರುವ ಮಳೆನೀರಿಗಾಗಿ. ಅಂಥ ನೀರಿನ ಮುಖ್ಯ ದೋಷ ಕೆಂಪು ಬಗ್ಗಡ, ಅದೂ ಮಳೆಗಾಲದ ಕೆಲವು ವಾರ. ಪಟಿಕ, ಮರಳು ಮತ್ತು ಕ್ಲೋರಿನ್ ಅದಕ್ಕೆ ಸಾಕಾಗಿದ್ದವು.

ಸುಮಾರು 1,450 ಚದರ ಕಿಲೋಮೀಟರ್ ವಿಸ್ತಾರದ ಆ ಜಲಾನಯನ ಪ್ರದೇಶ, ಅಂದರೆ ಮಳೆನೀರನ್ನು ಜಲಾಶಯಕ್ಕೆ ಕಳಿಸುವ ಇಡೀ ನೆಲ, ಮುಂದೆ ಎರಡು ದಿಕ್ಕಿನಿಂದ ಕೆಟ್ಟಿತು. ಮೊದಲನೆಯದು ನೀರಿನ ಪ್ರಮಾಣ. ಅರ್ಕಾವತಿ ಏಕೆ ಬತ್ತುತ್ತಿದೆ ಎಂದು ಅಧ್ಯಯನ ಮಾಡಿದ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಮಳೆ ಕಡಿಮೆಯಾದದ್ದು ಕಾರಣವಲ್ಲವೆಂದೂ, ಕೊಳವೆಬಾವಿಗಳು ಅಂತರ್ಜಲವನ್ನು ಬಹಳ ಕೆಳಕ್ಕೆ ಇಳಿಸಿದ್ದು, ನೀಲಗಿರಿ ತೋಪುಗಳು ಹಬ್ಬಿದ್ದು, ಹಳ್ಳಗಳಿಗೆ ಅಡ್ಡಲಾಗಿ ಸಣ್ಣಪುಟ್ಟ ತಡೆಗಳು ಎದ್ದದ್ದು ಕಾರಣವೆಂದೂ ತೋರಿಸಿದರು. ನೆಲದೊಳಗಿನ ನೀರು ಹಳ್ಳದ ತಳಕ್ಕಿಂತ ಕೆಳಗಿಳಿದ ಮೇಲೆ ಬಿದ್ದ ಮಳೆ ಹಳ್ಳಕ್ಕೆ ಸೇರದೆ ನೆಲಕ್ಕಿಳಿಯುತ್ತದೆ. ಎರಡನೆಯದು ನೀರಿನ ಗುಣ. ಹೆದ್ದಾರಿಗಳ ಇಕ್ಕೆಲದಲ್ಲಿ ಕಾರ್ಖಾನೆ, ಬಡಾವಣೆ, ಗೋದಾಮುಗಳು ಬಂದಂತೆಲ್ಲ ಬೇಸಿಗೆಯ ಹಳ್ಳಗಳಲ್ಲಿ ಹರಿಯುವುದು ಮಳೆನೀರಿನ ಬದಲು ಕೊಳಚೆಯಾಯಿತು. 2003ರ ನವೆಂಬರ್‌ನಲ್ಲಿ ಸರ್ಕಾರ ಜಲಾಶಯದ ಸುತ್ತಣ ನೆಲವನ್ನು ವಲಯಗಳಾಗಿ ವಿಂಗಡಿಸಿ ಕಟ್ಟಡ, ಕೈಗಾರಿಕೆಗಳಿಗೆ ಮಿತಿ ಹೇರಿತು. ಆ ಮಿತಿಗಳು ಮುಂದೆ ಸಡಿಲಗೊಂಡವು. 2012ರ ಹೊತ್ತಿಗೆ ಬೆಂಗಳೂರು ಜಲಮಂಡಳಿ ತಿಪ್ಪಗೊಂಡನಹಳ್ಳಿಯಿಂದ ನೀರೆತ್ತುವುದನ್ನೇ ನಿಲ್ಲಿಸಿತು.

ಕೊಳಚೆ ಬೆರೆತ ನೀರು ಹಳೆಯ ಘಟಕವನ್ನು ಸೋಲಿಸುವುದು ನಾತದಿಂದಲ್ಲ, ರಸಾಯನದಿಂದ. ಕೊಳಚೆಯಲ್ಲಿರುವ ಅಮೋನಿಯಾ ಕ್ಲೋರಿನ್ನಿನ ಜೊತೆ ಕೂಡಿ ದುರ್ಬಲವಾದ ಕ್ಲೋರಮೀನ್ ಎಂಬ ಸಂಯುಕ್ತವಾಗುತ್ತದೆ. ನೀರಿನಲ್ಲಿ ಮುಕ್ತ ಕ್ಲೋರಿನ್, ಅಂದರೆ ರೋಗಾಣುವನ್ನು ಬೇಗ ಕೊಲ್ಲಬಲ್ಲ ಬಿಡಿ ಕ್ಲೋರಿನ್, ಉಳಿಯಬೇಕಾದರೆ ಮೊದಲು ಆ ಅಮೋನಿಯಾವನ್ನು ಪೂರ್ತಿ ತೀರಿಸಬೇಕು, ಮತ್ತು ಅಮೋನಿಯಾ ರೂಪದ ಸಾರಜನಕದ ಪ್ರತಿ ಮಿಲಿಗ್ರಾಮಿಗೂ ಎಂಟರಿಂದ ಹತ್ತು ಮಿಲಿಗ್ರಾಂ ಕ್ಲೋರಿನ್ ಹೋಗುತ್ತದೆ. ತಿಳಿನೀರಿಗೆ ಒಂದೆರಡು ಮಿಲಿಗ್ರಾಂ ಕ್ಲೋರಿನ್ ಹಾಕಲೆಂದು ಮಾಡಿದ ಯಂತ್ರ ಇಂಥ ನೀರಿಗೆ ಇಪ್ಪತ್ತು ಮಿಲಿಗ್ರಾಂ ಹಾಕಲಾರದು. ಹಾಕಿದರೂ, ಕೊಳೆತ ಎಲೆ ಮತ್ತು ಪಾಚಿಯಿಂದ ಬಂದ ಸಾವಯವ ಪದಾರ್ಥದೊಡನೆ ಕ್ಲೋರಿನ್ ಸೇರಿ ಟ್ರೈಹ್ಯಾಲೋಮೀಥೇನ್‌ಗಳೆಂಬ, ದೀರ್ಘಕಾಲ ಸೇವಿಸಿದರೆ ಅಪಾಯಕಾರಿ ಎನ್ನಲಾದ ಉಪವಸ್ತುಗಳು ಹುಟ್ಟುತ್ತವೆ. ಸಾಬೂನು ಮತ್ತು ಮಲದಿಂದ ಬಂದ ರಂಜಕವನ್ನು ಉಂಡು ಬೆಳೆದ ಪಾಚಿ ಮತ್ತೊಂದು ತೊಂದರೆ. ಜೇಡಿಯಂತೆ ಅದು ತಳಕ್ಕೆ ಕೂರುವುದಿಲ್ಲ, ತೇಲುತ್ತದೆ. ತೇಲಿದ್ದೆಲ್ಲ ಮರಳಿನ ಮೇಲೆ ಬಂದು ಕೂತು, ದಿನಕ್ಕೊಮ್ಮೆ ತೊಳೆದರೆ ಸಾಕಾಗಿದ್ದ ಶೋಧಕವನ್ನು ಕೆಲವೇ ಗಂಟೆಗಳಲ್ಲಿ ಕಟ್ಟಿಹಾಕುತ್ತದೆ. ಪಾಚಿ ಸತ್ತು ತಳ ಸೇರಿ ಕೊಳೆತಾಗ ಜಲಾಶಯದ ಅಡಿಯ ನೀರಿನಲ್ಲಿ ಆಮ್ಲಜನಕ ಬತ್ತಿ, ಕೆಸರಿನಲ್ಲಿ ಗಟ್ಟಿಯಾಗಿದ್ದ ಮ್ಯಾಂಗನೀಸ್ ಮತ್ತು ಕಬ್ಬಿಣ ಕರಗಿ ಮೇಲೇಳುತ್ತವೆ. ನಲ್ಲಿಯಿಂದ ಬಂದ ನೀರು ಬಕೆಟ್ಟಿನಲ್ಲಿ ನಿಂತ ಮೇಲೆ ಕಪ್ಪು ಅಥವಾ ಕಂದು ಬಣ್ಣಕ್ಕೆ ತಿರುಗುವುದು ಬಹುಪಾಲು ಇದರಿಂದ.

ಹೀಗಿರುವಾಗ ಹಳೆಯ ಘಟಕಕ್ಕೆ ಏನು ಮಾಡಬಹುದು ಎಂಬುದಕ್ಕೆ ಜಲತಂತ್ರಜ್ಞರ ಬಳಿ ಉತ್ತರಗಳಿವೆ, ಮತ್ತು ಅವುಗಳಲ್ಲಿ ಕೆಲವು ಅಗ್ಗದವೂ ಹೌದು. ಅಲೆನ್ ಹೇಜನ್ ಎಂಬ ಅಮೆರಿಕನ್ ಎಂಜಿನಿಯರ್ 1904ರಲ್ಲಿ ತೋರಿಸಿದಂತೆ ನೀರಿನಲ್ಲಿ ತೇಲುವ ಕಣಗಳು ತಳಕ್ಕೆ ಕೂರುವುದು ತೊಟ್ಟಿಯ ಆಳವನ್ನಲ್ಲ, ಅದರ ಹರವನ್ನು ಅವಲಂಬಿಸಿದೆ. ಆದ್ದರಿಂದ ಇರುವ ತೊಟ್ಟಿಯೊಳಗೆ ಸುಮಾರು 60 ಡಿಗ್ರಿ ಓರೆಯಾಗಿ ಪ್ಲಾಸ್ಟಿಕ್ ನಳಿಗೆಗಳ ಕಟ್ಟುಗಳನ್ನು ಇಳಿಬಿಟ್ಟರೆ ಪ್ರತಿ ನಳಿಗೆಯೂ ಒಂದು ಸಣ್ಣ ತೊಟ್ಟಿಯಾಗಿ, ಒಂದು ಇಟ್ಟಿಗೆಯನ್ನೂ ಹೆಚ್ಚಿಗೆ ಇಡದೆ ಘಟಕದ ಸಾಮರ್ಥ್ಯ ಒಂದೂವರೆಯಿಂದ ಎರಡು ಪಟ್ಟಾಗಬಲ್ಲದು. ಮರಳಿನ ಮೇಲೆ ಅದಕ್ಕಿಂತ ದಪ್ಪ ಕಾಳಿನ ಹಗುರ ಕಲ್ಲಿದ್ದಲು, ಅಂದರೆ ಆಂಥ್ರಸೈಟ್, ಹರಡಿದರೆ ಕೊಳೆ ಮೇಲ್ಪದರದಲ್ಲೇ ಕಟ್ಟಿಕೊಳ್ಳದೆ ಆಳದವರೆಗೆ ಹಂಚಿಹೋಗಿ ಶೋಧಕ ಹೆಚ್ಚು ಹೊತ್ತು ಓಡುತ್ತದೆ. ಪಾಚಿಗೆ ತಕ್ಕ ಉಪಾಯ ಅದನ್ನು ಕೂರಿಸುವುದಲ್ಲ, ಸಣ್ಣ ಗಾಳಿಗುಳ್ಳೆಗಳನ್ನು ಅಂಟಿಸಿ ಇನ್ನಷ್ಟು ತೇಲಿಸಿ ಮೇಲಿನಿಂದ ಕೆನೆಯಂತೆ ತೆಗೆಯುವುದು. ವಾಸನೆ ಮತ್ತು ಕರಗಿದ ಸಾವಯವ ವಸ್ತುವಿಗೆ ಸಕ್ರಿಯ ಇದ್ದಿಲು ಬೇಕು. ನೀರೆತ್ತುವ ಗೋಪುರಕ್ಕೆ ಬೇರೆ ಬೇರೆ ಎತ್ತರದಲ್ಲಿ ಕಂಡಿಗಳಿದ್ದು, ಮೇಲಿನ ಪಾಚಿಯನ್ನೂ ಕೆಳಗಿನ ಮ್ಯಾಂಗನೀಸನ್ನೂ ತಪ್ಪಿಸಿ ನಡುವಿನ ನೀರನ್ನು ಎಳೆದುಕೊಳ್ಳುವುದು ಇವೆಲ್ಲಕ್ಕಿಂತ ಹಳೆಯ ಮತ್ತು ಸುಲಭದ ಜಾಣತನ. ಕ್ಲೋರಿನ್ ಹಾಕಿದ ನೀರು ಪಂಪಿಗೆ ಹೋಗುವ ಮೊದಲು ಅರ್ಧ ಗಂಟೆಯಾದರೂ ನಿಲ್ಲಬೇಕು ಎಂಬ ನಿಯಮವನ್ನು ಪಾಲಿಸಲು ತೊಟ್ಟಿಯೊಳಗೆ ಅಡ್ಡಗೋಡೆಗಳನ್ನು ಕಟ್ಟಿ ನೀರನ್ನು ಹಾವಿನಂತೆ ಸುತ್ತಿಸುವುದು ಕಡಿಮೆ ಖರ್ಚಿನ, ಆದರೆ ಉದ್ಘಾಟನೆಯ ಕಲ್ಲಿಗೆ ಶೋಭೆ ತಾರದ ಕೆಲಸವಾದ್ದರಿಂದ ಅದು ಅನೇಕ ಕಡೆ ಬಿಟ್ಟುಹೋಗುತ್ತದೆ.

ತಿಪ್ಪಗೊಂಡನಹಳ್ಳಿಯನ್ನು ಮತ್ತೆ ಬಳಕೆಗೆ ತರುವ ಜಲಮಂಡಳಿಯ ಯೋಜನೆ ದಿನಕ್ಕೆ 110 ದಶಲಕ್ಷ ಲೀಟರ್ ನೀರನ್ನು ಗುರಿಯಾಗಿಟ್ಟುಕೊಂಡಿದ್ದು, ಘಟಕ, ಪಂಪ್‌ಹೌಸ್ ಮತ್ತು ಕೊಳವೆ ಮಾರ್ಗಗಳ ನವೀಕರಣವನ್ನು ಒಳಗೊಂಡಿದೆ. ಇದರ ಹಿಂದಿನ ಊಹೆ ಅರ್ಕಾವತಿ ಮತ್ತೆ ತುಂಬಿ ಹರಿಯುತ್ತದೆ ಎಂಬುದಲ್ಲ; ಪಶ್ಚಿಮ ಘಟ್ಟದ ಎತ್ತಿನಹೊಳೆಯಿಂದ ಎತ್ತಿ ತರುವ ನೀರಿನಲ್ಲಿ ವರ್ಷಕ್ಕೆ 1.7 ಟಿಎಂಸಿಯಷ್ಟು, ಅಂದರೆ 1.7 ಶತಕೋಟಿ ಘನ ಅಡಿಯಷ್ಟು, ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಗಳಲ್ಲಿ ಶೇಖರವಾಗುತ್ತದೆ ಎಂಬುದು. ಎತ್ತಿನಹೊಳೆಯ ಮೊದಲ ಹಂತದ ಪಂಪುಗಳು 2024ರ ಸೆಪ್ಟೆಂಬರ್‌ನಲ್ಲಿ ಚಾಲನೆಗೊಂಡವಾದರೂ ಆ ನೀರು ಬಯಲುಸೀಮೆಯ ಕೊನೆಯವರೆಗೆ ಸಾಗುವ ದಾರಿ ಉದ್ದವಿದೆ. ಲೆಕ್ಕ ಹಾಕಿದರೆ 1.7 ಟಿಎಂಸಿ ವರ್ಷಪೂರ್ತಿ ದಿನಕ್ಕೆ ಸುಮಾರು 132 ದಶಲಕ್ಷ ಲೀಟರ್ ಆಗುತ್ತದೆ, ಆವಿಯಾಗುವುದನ್ನೂ ಇಂಗುವುದನ್ನೂ ಕಳೆದರೆ 110ರ ಆಸುಪಾಸು. ಅಂದರೆ ಘಟಕದ ಹೊಸ ಗಾತ್ರಕ್ಕೂ ಬರಬೇಕಾದ ನೀರಿಗೂ ಕಾಗದದ ಮೇಲೆ ಹೊಂದಿಕೆಯಿದೆ. ಹೊಂದಿಕೆಯಾಗದಿರುವುದು ಗುಣ. ಘಟ್ಟದ ಕಾಡಿನ ನೀರು ಎಷ್ಟೇ ತಿಳಿಯಾಗಿರಲಿ, ಅದು ಬಂದು ನಿಲ್ಲುವ ಪಾತ್ರೆ ಕೊಳಚೆಯ ಕೆಸರು ತುಂಬಿದ ಪಾತ್ರೆಯಾಗಿರುವವರೆಗೆ ಘಟಕ ಕೊಳಚೆ ನೀರಿನ ಲೆಕ್ಕದಲ್ಲೇ ಸಿದ್ಧವಾಗಿರಬೇಕು. ಜಲಾನಯನ ಪ್ರದೇಶದ ಊರುಗಳಿಗೆ ಒಳಚರಂಡಿ ಕೊಡುವ ಖರ್ಚನ್ನು ಕುಡಿಯುವ ನೀರಿನ ಖರ್ಚೆಂದೇ ಬರೆದುಕೊಳ್ಳುವವರೆಗೆ ಈ ಘಟಕದ ಮೇಲ್ದರ್ಜೆ ಅರ್ಧ ಕೆಲಸ.

ನಗರ ಆರಿಸಿಕೊಂಡ ಇನ್ನೊಂದು ದಾರಿ ಸ್ಥಳೀಯ ನೀರನ್ನು ಬಿಟ್ಟು ದೂರದ ನೀರನ್ನು ನಂಬುವುದು. 1974ರಿಂದ ಹಂತಹಂತವಾಗಿ ಬೆಳೆದ ಕಾವೇರಿ ಯೋಜನೆಯ ಶುದ್ಧೀಕರಣವೆಲ್ಲ ನಡೆಯುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಬೆಂಗಳೂರಿನ ಅತಿ ದೊಡ್ಡ ಜಲಶುದ್ಧೀಕರಣ ನೆಲೆ ಹೀಗೆ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿದೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಿ, ಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಅರ್ಧ ಕಿಲೋಮೀಟರಿಗೆ ಸಮೀಪದ ಎತ್ತರಕ್ಕೆ ನೀರನ್ನು ತಳ್ಳಲಾಗುತ್ತದೆ. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದೇ ರೂಪಿಸಿದ ಐದನೆಯ ಹಂತ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ್ದು, ಜಪಾನಿನ ಜೈಕಾ ಸಂಸ್ಥೆಯ ಸಾಲದ ನೆರವಿನಿಂದ ಮುಗಿದು 2024ರ ಅಕ್ಟೋಬರ್ 16ರಂದು ಉದ್ಘಾಟನೆಗೊಂಡಿತು. ಪಾಲಿಕೆಗೆ ಸೇರಿದ ದಿನದಿಂದ ಕಾವೇರಿ ನೀರಿನವರೆಗೆ ಈ ಹಳ್ಳಿಗಳು ಕಾದದ್ದು ಹದಿನೇಳು ವರ್ಷ. ತೆರಿಗೆ ಅಷ್ಟು ಕಾಯಲಿಲ್ಲ.

ಆ ಹದಿನೇಳು ವರ್ಷ, ಮತ್ತು ನಗರದ ಗಡಿಯಾಚೆಯ ಪಂಚಾಯಿತಿಗಳಲ್ಲಿ ಇಂದಿಗೂ, ಹೊರವಲಯವನ್ನು ಬದುಕಿಸಿದ್ದು ಕೊಳವೆಬಾವಿ, ಟ್ಯಾಂಕರ್ ಮತ್ತು ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನ್ ತುಂಬಿಕೊಡುವ ‘ಶುದ್ಧ ಕುಡಿಯುವ ನೀರಿನ ಘಟಕ’. 2024ರ ಮಾರ್ಚ್‌ನ ಬರದಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಂತೆ ನಗರದ ಸುಮಾರು 14 ಸಾವಿರ ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು, ಮತ್ತು ವೈಟ್‌ಫೀಲ್ಡ್, ವರ್ತೂರು, ಮಹದೇವಪುರದ ಕಡೆ ಅದರ ಪೆಟ್ಟು ಹೆಚ್ಚು ಬಿತ್ತು. ಉಳಿದ ಬಾವಿಗಳ ನೀರು ಕಣ್ಣಿಗೆ ತಿಳಿಯಾಗಿರುತ್ತದೆ. ದೋಷವಿರುವುದು ಕರಗಿದ ಲವಣಗಳಲ್ಲಿ. ಶೌಚಗುಂಡಿ ಮತ್ತು ಕೊಳಚೆ ಹಳ್ಳಗಳಿಂದ ನೆಲಕ್ಕಿಳಿದ ಸಾರಜನಕ ನೈಟ್ರೇಟ್ ಆಗಿ ಬಾವಿ ಸೇರುತ್ತದೆ. ಭಾರತೀಯ ಮಾನಕ ಬ್ಯೂರೋ ಇದಕ್ಕೆ ಹಾಕಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಮೀರಿದ ನೀರು ಬಾಟಲಿ ಹಾಲು ಕುಡಿಯುವ ಹಸುಗೂಸುಗಳ ರಕ್ತದಲ್ಲಿ ಆಮ್ಲಜನಕ ಸಾಗದಂತೆ ಮಾಡಬಲ್ಲದು. ಪಟಿಕ, ಮರಳು, ಕ್ಲೋರಿನ್ ಯಾವುದೂ ನೈಟ್ರೇಟನ್ನು ತೆಗೆಯುವುದಿಲ್ಲ, ಕುದಿಸಿದರೆ ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ‘ಕಾಯಿಸಿ ಆರಿಸಿ ಕುಡಿಯಿರಿ’ ಎಂಬ ಬುದ್ಧಿವಾದ ರೋಗಾಣುವಿಗೆ ಸರಿ, ಇದಕ್ಕೆ ಸಲ್ಲ.

ನಾಣ್ಯದ ಘಟಕಗಳ ಒಳಗಿರುವ ಆರ್‌ಒ ಪದ್ಧತಿ, ಅಂದರೆ ಹೆಚ್ಚಿನ ಒತ್ತಡದಲ್ಲಿ ನೀರನ್ನು ಅತಿ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣಗಳನ್ನು ಹಿಂದೆ ಉಳಿಸುವ ವಿಧಾನ, ನೈಟ್ರೇಟ್ ಮತ್ತು ಫ್ಲೋರೈಡ್‌ಗೆ ನಿಜವಾದ ಮದ್ದು. ರಾಜ್ಯದ ಹಳ್ಳಿಗಳಲ್ಲಿ ಇಂಥ ಸಾವಿರಾರು ಘಟಕಗಳು ತಲೆಯೆತ್ತಿದವು, ಮತ್ತು ಅವುಗಳಲ್ಲಿ ಕೆಟ್ಟು ನಿಂತವುಗಳ ಲೆಕ್ಕ ವಿಧಾನಮಂಡಲದಲ್ಲಿ ಪದೇಪದೇ ಚರ್ಚೆಯಾಯಿತು. ಕೆಡುವುದಕ್ಕೆ ಕಾರಣ ನಿಗೂಢವೇನಲ್ಲ: ಗಡಸು ನೀರಿನ ಸುಣ್ಣ ಪೊರೆಯ ಮೇಲೆ ಕಟ್ಟುತ್ತದೆ, ಪೊರೆ ಬದಲಿಸಲು ಹಣ ಬೇಕು, ನಾಣ್ಯದಿಂದ ಬಂದದ್ದು ವಿದ್ಯುತ್ ಬಿಲ್ಲಿಗೂ ಸಾಲದು. ಇದರ ಮೇಲೆ, ಒಳಹೋದ ನೀರಿನ ಅರ್ಧದಷ್ಟು, ಕೆಲವೆಡೆ ಅದಕ್ಕಿಂತ ಹೆಚ್ಚು, ಲವಣ ತುಂಬಿಕೊಂಡು ಚರಂಡಿಗೆ ಹೋಗುತ್ತದೆ. ಸಾವಿರ ಅಡಿ ಕೊರೆದು ತೆಗೆದ ನೀರನ್ನು ಹೀಗೆ ಚೆಲ್ಲುವುದು ಬರದ ತಾಲ್ಲೂಕಿಗೆ ಹೇಳಿದ ಕಸುಬಲ್ಲ. ಇಂಥ ಘಟಕವನ್ನು ಸುಧಾರಿಸುವ ಒಂದು ಸರಳ ಕ್ರಮ ಬೆರಕೆ. ಬಾವಿಯ ನೀರಿನಲ್ಲಿ ನೈಟ್ರೇಟ್ 80 ಇದ್ದು ಪೊರೆ ಹಾಯ್ದ ನೀರಿನಲ್ಲಿ 8 ಉಳಿದಿದೆ ಎಂದು ಇಟ್ಟುಕೊಂಡರೆ, ಎರಡನ್ನೂ ಸಮವಾಗಿ ಬೆರೆಸಿದಾಗ 44 ಬರುತ್ತದೆ, ಅದು ಮಿತಿಯೊಳಗೇ ಇದೆ. ಪೊರೆಯ ಕೆಲಸ, ವಿದ್ಯುತ್ತು, ಚೆಲ್ಲಿಹೋಗುವ ನೀರು ಮೂರೂ ಅರ್ಧಕ್ಕಿಳಿಯುತ್ತವೆ, ಆರ್‌ಒ ನೀರಿಗೆ ಜನ ಹೇಳುವ ಸಪ್ಪೆ ರುಚಿಯೂ ತಪ್ಪುತ್ತದೆ. ಆದರೆ ಬೆರೆಸಿದ ಭಾಗಕ್ಕೆ ಕ್ಲೋರಿನ್ ಹಾಕಲೇಬೇಕು, ಮತ್ತು ಋತುಗಳೊಡನೆ ಬಾವಿಯ ನೈಟ್ರೇಟ್ ಏರಿಳಿಯುವುದರಿಂದ ತಿಂಗಳಿಗೊಮ್ಮೆಯಾದರೂ ಅಳೆಯಬೇಕು. ಅಳೆಯುವವರಿಲ್ಲದ ಕಡೆ ಬೆರಕೆಯೂ ಅಪಾಯವೇ.

ಬೆರಕೆಯಿಂದಲೂ ಬಗೆಹರಿಯದ ನೀರು ಪೀಣ್ಯದ್ದು. ಎಪ್ಪತ್ತರ ದಶಕದಿಂದ ಬೆಳೆದ ಈ ಕೈಗಾರಿಕಾ ಪ್ರದೇಶದ ಸಣ್ಣ ಸಣ್ಣ ಲೋಹಲೇಪನ ಘಟಕಗಳ ತ್ಯಾಜ್ಯದಿಂದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂ ಲೋಹದ ಕ್ಯಾನ್ಸರ್‌ಕಾರಕ ರೂಪ, ಸೇರಿರುವುದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಈ ರೂಪದ ಕ್ರೋಮಿಯಂ ಮಣ್ಣಿನ ಕಣಕ್ಕೆ ಅಂಟದೆ ನೀರಿನ ಜೊತೆ ಸರಾಗ ಓಡಾಡುತ್ತದೆ, ಪಟಿಕಕ್ಕೆ ಸಿಗುವುದಿಲ್ಲ, ಮತ್ತು ರೋಗಾಣು ಕೊಲ್ಲಲೆಂದು ಹಾಕಿದ ಕ್ಲೋರಿನ್ ಅದರ ನಿರುಪದ್ರವಿ ರೂಪವನ್ನೂ ವಿಷಕಾರಿ ರೂಪಕ್ಕೆ ತಿರುಗಿಸಬಲ್ಲದು. ಕಬ್ಬಿಣದ ಲವಣ ಹಾಕಿ ಅದನ್ನು ತಳಕ್ಕಿಳಿಸುವ ವಿಧಾನ ಕಾರ್ಖಾನೆಯ ತ್ಯಾಜ್ಯನೀರಿಗೆ ಹೇಳಿದ್ದು. ಹಳ್ಳಿಯ ನೀರಿನ ಘಟಕದಲ್ಲಿ ಅದನ್ನು ನಡೆಸಿ, ಉಳಿದ ವಿಷದ ಕೆಸರನ್ನು ಎಲ್ಲಿಡುವುದೆಂದು ಯೋಚಿಸುವುದಕ್ಕಿಂತ ಆ ಬಾವಿಯನ್ನು ಕುಡಿಯಲು ಬಳಸದಿರುವುದೇ ವಿವೇಕ. ಎಲ್ಲ ನೀರನ್ನೂ ಶುದ್ಧೀಕರಿಸಬಹುದೆಂಬ ಭರವಸೆ ಘಟಕ ಮಾರುವವರ ಮಾತು.

ಎಲೆಕ್ಟ್ರಾನಿಕ್ ಸಿಟಿಯ ಪ್ರಶ್ನೆ ರಸಾಯನದ್ದಲ್ಲ, ತಲೆ ಎಣಿಕೆಯದು. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಆರಂಭವಾದ ಆ ನಗರದ ಬೇಲಿಯೊಳಗೆ ಇಂದು ತನ್ನದೇ ಕೈಗಾರಿಕಾ ಪಟ್ಟಣ ಪ್ರಾಧಿಕಾರವಿದೆ. ಬೇಲಿಯ ಹೊರಗೆ ದೊಡ್ಡತೋಗೂರು, ವೀರಸಂದ್ರ, ಹೆಬ್ಬಗೋಡಿಯಂಥ ಊರುಗಳಲ್ಲಿ ಅಲ್ಲಿ ದುಡಿಯುವವರು ಪಿ.ಜಿ.ಗಳಲ್ಲಿಯೂ ಬಾಡಿಗೆ ಕೋಣೆಗಳಲ್ಲಿಯೂ ವಾಸಿಸುತ್ತಾರೆ. ಗ್ರಾಮೀಣ ನೀರಿನ ಯೋಜನೆಗಳ ವಿನ್ಯಾಸ ಜನಗಣತಿಯ ಸಂಖ್ಯೆಯನ್ನು ಹಿಡಿದು, ಅದಕ್ಕೆ ಸಾಧಾರಣ ಬೆಳವಣಿಗೆಯನ್ನು ಕೂಡಿಸಿ ಹೊರಡುತ್ತದೆ, ಮತ್ತು ದೇಶದಲ್ಲಿ ಕೈಗೆ ಸಿಗುವ ಕೊನೆಯ ಜನಗಣತಿ 2011ರದು. ಬಾಡಿಗೆದಾರರು ಪಂಚಾಯಿತಿಯ ಕಡತದಲ್ಲಿ ಇಲ್ಲ, ನಲ್ಲಿಯ ಬಳಿ ಇದ್ದಾರೆ. 2019ರಲ್ಲಿ ಆರಂಭವಾಗಿ ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರು ಪಡೆದ ಜಲಜೀವನ್ ಮಿಷನ್ ಮನೆಯನ್ನು ಎಣಿಸುತ್ತದೆ. ಒಂದೇ ಖಾತೆಯ ನಾಲ್ಕಂತಸ್ತಿನ ಕಟ್ಟಡದಲ್ಲಿ ಅರವತ್ತು ಜನರಿದ್ದರೂ ಅದು ಒಂದು ನಲ್ಲಿ. ಸಾಮರ್ಥ್ಯಕ್ಕಿಂತ ಹೆಚ್ಚು ನೀರನ್ನು ಒಂದೇ ಶೋಧಕದಲ್ಲಿ ತಳ್ಳಿದಾಗ ಹಿಡಿದಿಟ್ಟಿದ್ದ ಕೊಳೆ ಮರಳನ್ನು ಭೇದಿಸಿ ಕೆಳಗಿಳಿಯುತ್ತದೆ, ಆದ್ದರಿಂದ ಎಣಿಕೆಯ ತಪ್ಪು ಕೊನೆಗೆ ಗುಣದ ತಪ್ಪಾಗಿ ಹೊರಬರುತ್ತದೆ.

ಈ ಎಲ್ಲ ಕಥನಗಳ ನಡುವೆ ಅತ್ಯಂತ ಹೊಸದು, ಮತ್ತು ಬಹುಶಃ ಮುಂದಿನ ದಶಕಗಳ ದಿಕ್ಕನ್ನು ತೋರಿಸುವಂಥದು, ನಗರದ ಕೊಳಚೆಯೇ ಹಳ್ಳಿಯ ಜಲಮೂಲವಾಗುತ್ತಿರುವುದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ, ಜನರ ಬಾಯಲ್ಲಿ ಕೆ.ಸಿ. ವ್ಯಾಲಿಯ, ಸಂಸ್ಕರಿಸಿದ ನೀರನ್ನು ದಿನಕ್ಕೆ 440 ದಶಲಕ್ಷ ಲೀಟರಿನಂತೆ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಯ ಮೊದಲ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಕೆಲವೇ ವಾರಗಳಲ್ಲಿ ನೊರೆ ಕಾಣಿಸಿಕೊಂಡು ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ನೀರನ್ನು ಎರಡನೆಯ ಹಂತದವರೆಗೆ, ಅಂದರೆ ಜೀವಾಣುಗಳಿಂದ ಸಾವಯವ ಕೊಳೆಯನ್ನು ತಿನ್ನಿಸುವವರೆಗೆ ಮಾತ್ರ ಸಂಸ್ಕರಿಸಲಾಗಿದ್ದು, ಮರಳಿನಲ್ಲಿ ಸೋಸಿ ರೋಗಾಣು ಕೊಲ್ಲುವ ಮೂರನೆಯ ಹಂತವಿಲ್ಲ. ಉದ್ದೇಶ ಅಂತರ್ಜಲ ಮರುಪೂರಣವೇ ಹೊರತು ಕುಡಿಯುವುದಲ್ಲ ಎಂಬ ಸಮರ್ಥನೆ ಕಾನೂನಿನ ಭಾಷೆಯಲ್ಲಿ ಸರಿಯಿರಬಹುದು. ಆದರೆ ಕೆರೆಯ ಕೆಳಗಿನ ಹಳ್ಳಿಯ ಕುಡಿಯುವ ನೀರಿನ ಕೊಳವೆಬಾವಿ ಅದೇ ಅಂತರ್ಜಲದಲ್ಲಿ ಕೂತಿದೆ. ಬತ್ತಿದ ಬಾವಿಗಳು ತುಂಬಿದ್ದು ಎಷ್ಟು ನಿಜವೋ, ಆ ಬಾವಿಗಳ ನೀರು ಇನ್ನು ಮುಂದೆ ಬರೀ ಮಳೆನೀರಲ್ಲ ಎಂಬುದೂ ಅಷ್ಟೇ ನಿಜ, ಮತ್ತು ಬ್ಲೀಚಿಂಗ್ ಪೌಡರ್ ಒಂದನ್ನೇ ನಂಬಿದ ಪಂಚಾಯಿತಿಯ ವ್ಯವಸ್ಥೆ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ದೇವನಹಳ್ಳಿಯ ಪ್ರಯೋಗ ಇದೇ ಪ್ರಶ್ನೆಯನ್ನು ಮುಚ್ಚಿಡದೆ ಎದುರಿಸಿದೆ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರಿನಿಂದ ಅಲ್ಲಿಯ ಸಿಹಿನೀರು ಕೆರೆ ತುಂಬಿದ ಮೇಲೆ, ಕೆರೆಯ ಬಳಿಯ ಹಳೆಯ ತೆರೆದ ಬಾವಿಯನ್ನು ಹೂಳೆತ್ತಿ ಸರಿಪಡಿಸಿ, ಆಳಕ್ಕೆ ಹೋಗದ ಶೋಧಕ ಕೊಳವೆಬಾವಿಗಳನ್ನು ತೋಡಿ, ಆ ನೀರನ್ನು ಒಂದು ಶುದ್ಧೀಕರಣ ಘಟಕದಲ್ಲಿ ಹಾಯಿಸಿ ಪುರಸಭೆಯ ಕೊಳವೆಗಳಿಗೆ ಸೇರಿಸುವ ವ್ಯವಸ್ಥೆಯನ್ನು ಬಯೋಮ್ ಪರಿಸರ ಟ್ರಸ್ಟಿನ ತಾಂತ್ರಿಕ ನೆರವಿನಿಂದ ಕಟ್ಟಲಾಯಿತು. ಇಲ್ಲಿಯ ಬುದ್ಧಿವಂತಿಕೆ ಘಟಕದ ಒಳಗಿರುವುದಕ್ಕಿಂತ ಹೆಚ್ಚಾಗಿ ಅದರ ಹೊರಗಿದೆ: ಕೆರೆಯಿಂದ ನೇರವಾಗಿ ನೀರೆತ್ತದೆ, ಮಣ್ಣಿನ ಪದರಗಳ ಮೂಲಕ ಬಾವಿಗೆ ಒಸರಿ ಬಂದ ನೀರನ್ನು ಎತ್ತುವುದರಿಂದ ನೆಲವೇ ನಿಧಾನ ಶೋಧಕವಾಗುತ್ತದೆ. ಯುರೋಪಿನ ರೈನ್ ಮತ್ತು ಎಲ್ಬೆ ನದಿಗಳ ದಂಡೆಯ ಊರುಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಇದನ್ನೇ ಮಾಡಿಕೊಂಡು ಬಂದಿವೆ. ಸಾವಿರ ಅಡಿಯ ಕೊಳವೆಬಾವಿಗೆ ಹೋಲಿಸಿದರೆ ವಿದ್ಯುತ್ ಖರ್ಚೂ ಅತ್ಯಲ್ಪ. ಆದರೆ ಮಣ್ಣು ಎಲ್ಲವನ್ನೂ ಹಿಡಿಯುವುದಿಲ್ಲ. ನೈಟ್ರೇಟ್ ಮತ್ತು ಔಷಧಗಳ ಅವಶೇಷ ಅದನ್ನು ದಾಟಿ ಬರಬಲ್ಲವಾದ್ದರಿಂದ ಇಂಥ ವ್ಯವಸ್ಥೆ ನಿಂತಿರುವುದು ಸತತವಾದ ಪರೀಕ್ಷೆಯ ಮೇಲೆ, ಮತ್ತು ಮೇಲ್ಗಡೆ ನಗರದ ಕೊಳಚೆ ಸಂಸ್ಕರಣಾ ಘಟಕ ಒಂದು ದಿನವೂ ತಪ್ಪದೆ ಕೆಲಸ ಮಾಡುವುದರ ಮೇಲೆ. ಪರಿಭಾಷೆಯಲ್ಲಿ ಇವೆರಡೂ ಬೇರೆ ಬೇರೆ ಇಲಾಖೆಗಳ ಘಟಕಗಳು. ನೀರಿನ ದೃಷ್ಟಿಯಲ್ಲಿ ಒಂದೇ ಘಟಕದ ಎರಡು ಕೋಣೆಗಳು.

ಉಳಿಯುವುದು ಇವನ್ನೆಲ್ಲ ನಡೆಸುವವರ ಮಾತು. ಕೆರೆಯ ತೂಬನ್ನು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುತ್ತಿದ್ದವನನ್ನು ಈ ಸೀಮೆಯಲ್ಲಿ ನೀರುಗಂಟಿ ಎನ್ನುತ್ತಿದ್ದರು. ಪಂಚಾಯಿತಿಯ ಪಂಪ್ ಆಪರೇಟರನನ್ನು ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ. ಮೋಟರಿನ ಸ್ಟಾರ್ಟರ್ ಹಾಕುವುದು, ಬೀದಿಗೊಂದರಂತೆ ವಾಲ್ವ್ ತಿರುಗಿಸುವುದು, ಓವರ್‌ಹೆಡ್ ಟ್ಯಾಂಕ್ ತೊಳೆಯುವುದು, ಒಡೆದ ಪೈಪಿಗೆ ರಬ್ಬರ್ ಸುತ್ತುವುದು, ಬ್ಲೀಚಿಂಗ್ ಪೌಡರ್ ಕಲಸಿ ಸುರಿಯುವುದು ಎಲ್ಲವೂ ಅವನ ಪಾಲಿನದು, ಮತ್ತು ಬ್ಲೀಚಿಂಗ್ ಪೌಡರ್ ಬಿಸಿಲಿಗೆ, ಗಾಳಿಗೆ ದಿನೇದಿನೇ ಸತ್ವ ಕಳೆದುಕೊಳ್ಳುವುದರಿಂದ ಕಳೆದ ತಿಂಗಳ ಅಳತೆಯ ಡಬ್ಬಿ ಈ ತಿಂಗಳು ಸಾಲದೆಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಜಲಜೀವನ್ ಮಿಷನ್ನಿನಡಿ ಪ್ರತಿ ಹಳ್ಳಿಯಲ್ಲಿ ಐವರು ಹೆಂಗಸರಿಗೆ ನೀರು ಪರೀಕ್ಷಿಸುವ ಕಿಟ್ಟನ್ನು ಬಳಸಲು ಕಲಿಸುವ ಏರ್ಪಾಡು ಈ ಕೊರತೆಗೆ ಕೊಟ್ಟ ಒಳ್ಳೆಯ ಉತ್ತರ. ಪರೀಕ್ಷೆ ಸರಳ: ಸಣ್ಣ ನಳಿಕೆಗೆ ನೀರು ತುಂಬಿ, ಒಂದು ಹನಿ ಅಥವಾ ಮಾತ್ರೆ ಹಾಕಿ, ಮೂಡಿದ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿದರೆ ಕ್ಲೋರಿನ್ ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ, ಲೀಟರಿಗೆ 0.2 ಮಿಲಿಗ್ರಾಂ ಕನಿಷ್ಠ. ನಳಿಕೆಯನ್ನು ತುಂಬಬೇಕಾದದ್ದು ಟ್ಯಾಂಕಿನ ಬುಡದಲ್ಲಿಯಲ್ಲ, ಒತ್ತಡ ಕಡಿಮೆಯಾಗಿ ಚರಂಡಿಯ ನೀರು ಒಳನುಸುಳುವ ಸಂಭವ ಹೆಚ್ಚಿರುವ, ಊರಿನ ಕಟ್ಟಕಡೆಯ ಬೀದಿಯ ಕೊನೆಯ ನಲ್ಲಿಯಲ್ಲಿ, ಅದೂ ನೀರು ಬಿಟ್ಟ ಮೊದಲ ಐದು ನಿಮಿಷದಲ್ಲಿ.